ಇಪ್ಪತ್ತೈದು ಡಾಲರಿನ ಹಳದಿ ರಾಡು

ಶನಿವಾರ ಬೆಳಗ್ಗೆ ಏಳಕ್ಕೆ ಮೀನು ಹಿಡಿಯಲು ಹೋದವನು ಸಂಜೆ ಕತ್ತಲಾಗುವವರೆಗೂ ಕ್ಲಿಯರ್ ಕ್ರೀಕ್ ನೀರಲ್ಲೇ ಇದ್ದೆ. ಅಮೆರಿಕದ ಕೊಲೊರಾಡೊದಲ್ಲಿ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟು, ಗೋಲ್ಡನ್ ಊರು ದಾಟಿ, 6ನೇ ನಂಬರಿನ ಹೆದ್ದಾರಿ ಹಿಡಿದರೆ ಕಣಿವೆಯ ಉದ್ದಕ್ಕೂ ಈ ಹೊಳೆ ರಸ್ತೆ ಪಕ್ಕದಲ್ಲೇ ಇರುತ್ತದೆ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಇಳಿದರೆ ನೀರು.

ಕೈಯಲ್ಲಿದ್ದದ್ದು ಮೀನು ಹಿಡಿಯುವ ಹಳದಿ ಬಣ್ಣದ ಫೈಬರ್‌ಗ್ಲಾಸ್ ರಾಡು. ಈಗಲ್ ಕ್ಲಾ ಕಂಪನಿಯ ಫೆದರ್‌ಲೈಟ್, ಡೆನ್ವರ್‌ನದೇ ಕಂಪನಿ. ಪಕ್ಕದ ಬೀದಿಯಲ್ಲಿ ಒಬ್ಬ ಅಜ್ಜ ಮನೆ ಖಾಲಿ ಮಾಡುವಾಗ ಗ್ಯಾರೇಜ್ ಮುಂದೆ ಸಾಮಾನು ಹರಡಿಕೊಂಡು ಕೂತಿದ್ದರು. ರಾಡು, ಅದರ ಜೊತೆ ದಾರ ಸುತ್ತುವ ಒಂದು ಹಳೇ ಫ್ಲೂಗರ್ ಮೆಡಲಿಸ್ಟ್ ರೀಲು, ಎರಡೂ ಸೇರಿ ಇಪ್ಪತ್ತೈದು ಡಾಲರ್. ದೊಡ್ಡ ಹೆಸರಿನ ಹೊಸ ರಾಡಿಗೆ ಇಲ್ಲಿ ಸಾವಿರ ಡಾಲರ್ ಹತ್ತಿರ ಆಗುತ್ತದೆ, ರೀಲು ಬೇರೆ. ಆ ಬೆಲೆ ನೋಡಿಯೇ ಎರಡು ವರ್ಷ ಸುಮ್ಮನಿದ್ದೆ. ರೀಲು ಬಿಚ್ಚಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮರಳು, ಜಿಡ್ಡು ಎಲ್ಲ ತೆಗೆದು ಚೂರು ಗ್ರೀಸ್ ಹಚ್ಚಿದೆ. ಅದರಲ್ಲಿದ್ದ ಲೈನು, ಅಂದರೆ ದಾರ, ಬಿರುಕು ಬಿಟ್ಟಿತ್ತು, ಹಾಗಾಗಿ ಲೈನು ಮಾತ್ರ ಹೊಸದು ತಂದೆ. ಹಳೇ ಸಾಮಾನು ಕೊಳ್ಳುವವರು ಲೈನಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ, ಯಾಕೆಂದರೆ ಇಲ್ಲಿ ಕೆಲಸ ಮಾಡುವುದೇ ಅದು.

ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕವನಿದ್ದಾಗ ಬಿದಿರು ಕೋಲು, ಗಾಳ, ಎರೆಹುಳ ಇಷ್ಟೇ ಗೊತ್ತಿದ್ದದ್ದು. ಅದರಲ್ಲಿ ದಾರದ ತುದಿಯ ತೂಕವೇ ದಾರವನ್ನು ಎಳೆದುಕೊಂಡು ನೀರಿಗೆ ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ತುದಿಯಲ್ಲಿರುವುದು ಗರಿ, ಕೂದಲು ಸುತ್ತಿದ ಪುಟ್ಟ ಕೊಕ್ಕೆ, ಅದನ್ನೇ ಫ್ಲೈ ಅನ್ನುವುದು, ಅದಕ್ಕೆ ತೂಕವೇ ಇಲ್ಲ. ದಪ್ಪ ಲೈನೇ ತೂಕ. ಅದನ್ನು ಹಿಂದಕ್ಕೆ ಬೀಸಿ, ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕಾಯುವುದೇ ಕಷ್ಟ. ಫೈಬರ್‌ಗ್ಲಾಸ್ ನಿಧಾನಕ್ಕೆ ಬಾಗುವ ರಾಡು, ಬುಡದವರೆಗೂ ಬಾಗುತ್ತದೆ, ಲೈನು ಹಿಂದೆ ಬಿಚ್ಚಿಕೊಂಡಿದ್ದು ಅಂಗೈಗೆ ತಿಳಿಯುತ್ತದೆ. ಇಪ್ಪತ್ತು ಅಡಿ ದೂರಕ್ಕೆ ಎಸೆಯುವ ಇಂಥ ಹೊಳೆಗೆ ಇದಕ್ಕಿಂತ ಒಳ್ಳೆಯ ರಾಡು ಬೇಕೇ ಇಲ್ಲ ಅನ್ನಿಸಿತು.

ಮೇ, ಜೂನ್‌ನಲ್ಲಿ ಹಿಮ ಕರಗಿ ಇದೇ ಹೊಳೆ ಭೋರ್ಗರೆಯುತ್ತದೆ, ಆಗ ಇಳಿಯುವುದು ಅಪಾಯ. ಈಗ ಆಗಸ್ಟ್, ನೀರು ಮೊಣಕಾಲಿಗೆ ಇಳಿದಿದೆ. ವೇಡರ್ಸ್ (ನೀರು ಒಳಗೆ ಬಾರದ ಉದ್ದ ಪ್ಯಾಂಟು) ಇಲ್ಲದೆ ಚಡ್ಡಿ, ಹಳೇ ಶೂ ಹಾಕಿಕೊಂಡೇ ಇಳಿದೆ. ಮೊದಲ ಹತ್ತು ನಿಮಿಷ ಕಾಲು ಜೋಮು ಹಿಡಿಯಿತು, ಆಮೇಲೆ ಹಿತ ಅನ್ನಿಸಿತು.

ಬೆಳಗ್ಗೆ ಎರಡು ಗಂಟೆ ಏನೂ ಸಿಗಲಿಲ್ಲ. ನಡುನೀರಿಗೇ ಎಸೆಯುತ್ತಿದ್ದೆ. ಆಮೇಲೆ ಒಂದು ದೊಡ್ಡ ಬಂಡೆಯ ಹಿಂದೆ, ಓಡುವ ನೀರು ಮತ್ತು ನಿಂತ ನೀರು ಸೇರುವ ಗೆರೆ ಇರುತ್ತದಲ್ವಾ, ಅಲ್ಲಿಗೆ ಎಲ್ಕ್ ಹೇರ್ ಕ್ಯಾಡಿಸ್ ಅನ್ನುವ ಫ್ಲೈ ಬಿಟ್ಟೆ. ಮೀನು ಅಲ್ಲೇ ನಿಲ್ಲುವುದು, ಜಾಸ್ತಿ ಈಜದೆ ಊಟ ಬಾಯಿಗೇ ಬರುತ್ತದೆ ನೋಡಿ. ಮೂರನೇ ಸಲಕ್ಕೆ ನೀರು ಬಿರಿಯಿತು. ರಾಡು ಹಿಡಿಯವರೆಗೂ ಬಾಗಿತು, ರೀಲು ಕಿರ್ರ್ ಅಂದಿತು. ಬ್ರೌನ್ ಟ್ರೌಟ್, ಒಂಬತ್ತು ಇಂಚು ಇರಬಹುದು. ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕದಲ್ಲಿ ಕೆಂಪು ಚುಕ್ಕೆ. ಈ ಜಾತಿ ಅಮೆರಿಕಕ್ಕೆ ಬಂದದ್ದು 1883ರಲ್ಲಿ, ಜರ್ಮನಿಯಿಂದ ಮೊಟ್ಟೆಗಳಾಗಿ. ಈ ಹೊಳೆಯಲ್ಲಿ 1859ರಲ್ಲಿ ಚಿನ್ನ ಸಿಕ್ಕಿತು, ಆಮೇಲೆ ಗಣಿಗಳು ನೀರನ್ನು ಹಾಳು ಮಾಡಿದವು. ಈಗ ಐಡಾಹೊ ಸ್ಪ್ರಿಂಗ್ಸ್‌ನಲ್ಲಿ ಗಣಿಯ ನೀರನ್ನು ಶುದ್ಧ ಮಾಡಿ ಹೊಳೆಗೆ ಬಿಡುತ್ತಾರೆ. ಇಷ್ಟೆಲ್ಲ ಆದಮೇಲೂ ಇಲ್ಲಿ ಮೀನಿದೆ ಅನ್ನುವುದೇ ನನಗೆ ದೊಡ್ಡ ಸಂತೋಷ.

ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಟ್ಟಿದ್ದೆ, ಸುಲಭವಾಗಿ ಬಿಟ್ಟುಕೊಂಡಿತು. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ನೀರಲ್ಲೇ ಹಿಡಿದೆ, ಒಂದು ಸಲ ಬಾಲ ಆಡಿಸಿ ಬಂಡೆಯಡಿ ಸೇರಿತು. ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಅಮ್ಮನ ಜೊತೆ ಮಂಡಕ್ಕಿ ಹಾಕುತ್ತಿದ್ದದ್ದು ನೆನಪಾಯಿತು. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಕಾಲ ಬಳಿಯೇ ಬರುತ್ತಿದ್ದವು.

ಸಂಜೆಯೊಳಗೆ ಇನ್ನೂ ನಾಲ್ಕು ಸಿಕ್ಕವು, ಎಲ್ಲಾ ಚಿಕ್ಕವೇ. ಮೂರು ಫ್ಲೈ ಹಿಂದಿನ ಪೊದೆಗೆ ಹೋದವು.

ಮುಂದಿನ ಶನಿವಾರ ಮಗಳೂ ಬರುತ್ತಾಳಂತೆ. ಅವಳಿಗೆ ಹನ್ನೊಂದು, ಕೊಲೊರಾಡೊದಲ್ಲಿ ಹದಿನಾರು ತುಂಬುವವರೆಗೆ ಲೈಸೆನ್ಸ್ ಬೇಕಿಲ್ಲ. ಹಳದಿ ರಾಡು ತನಗೇ ಬೇಕು ಅಂದಿದ್ದಾಳೆ, ನಾನು ಇನ್ನೊಂದು ಹಳೇ ರಾಡು ಹುಡುಕುತ್ತಿದ್ದೇನೆ.