ಗೋಡೆ ತುಂಬ ಚೀಟಿ, ಆರಿಸೋದು ಯಾವುದನ್ನ?

12 ಜೂನ್ 2024, ಬುಧವಾರ, ರಾತ್ರಿ

ಬೆಳಗ್ಗೆಯಿಂದ ಸಂಜೆ ತನಕ ನಾವು ಆರು ಜನ ಒಂದೇ ರೂಮಲ್ಲಿ, ಒಂದು ಸಮಸ್ಯೆಗೆ ಐಡಿಯಾ ಹುಡುಕ್ತಾ. ವಿಷಯ ಏನಂದ್ರೆ, ಆಸ್ಪತ್ರೆಯಲ್ಲಿ ಡಾಕ್ಟರಿಗೆ ಕಾಯ್ತಾ ಕೂತ ಜನ ಮತ್ತೆ ಮತ್ತೆ ಎದ್ದು ಬಂದು ಕೌಂಟರಲ್ಲಿ "ನಮ್ಮ ಸರದಿ ಯಾವಾಗ" ಅಂತ ಕೇಳ್ತಾರೆ. ಹೋದ ವಾರ ಎರಡು ದಿನ ಅವರ ಜೊತೆನೇ ಕೂತು ಮಾತಾಡಿಸಿದ್ವಿ, ಕಾಯೋದಕ್ಕಿಂತ ಇನ್ನೆಷ್ಟು ಹೊತ್ತು ಅಂತ ಗೊತ್ತಿಲ್ದೇ ಇರೋದೇ ದೊಡ್ಡ ಹಿಂಸೆ ಅಂತ ಅರ್ಥ ಆಯ್ತು. ಅದಕ್ಕೆ ಬೋರ್ಡ್ ಮೇಲೆ ಬರ್ಕೊಂಡ ಪ್ರಶ್ನೆ: "ಕಾಯೋರಿಗೆ ತಮ್ಮ ಸರದಿ ಎಲ್ಲಿಗೆ ಬಂತು ಅಂತ ಕೂತಲ್ಲೇ ಗೊತ್ತಾಗೋ ಹಾಗೆ ಏನ್ ಮಾಡಬಹುದು?" ಆ್ಯಪ್ ಹೇಗೆ ಮಾಡೋದು ಅಂತ ಬರ್ದಿದ್ರೆ ಉತ್ತರ ಪ್ರಶ್ನೆಯೊಳಗೇ ಬಂದು ಕೂತ್ಬಿಡ್ತಿತ್ತು.

ಮೊದಲ ಅರ್ಧ ಗಂಟೆ ಎಲ್ಲರೂ ಮಾಡೋ ಹಾಗೆ ಬಾಯಲ್ಲೇ ಹೇಳ್ತಾ ಹೋದ್ವಿ. ಗುಂಪಾಗಿ ಕೂತು ಐಡಿಯಾ ಹುಡುಕೋ "ಬ್ರೈನ್‌ಸ್ಟಾರ್ಮಿಂಗ್" ಪದ್ಧತಿಯ ಅಲೆಕ್ಸ್ ಆಸ್ಬಾರ್ನ್ 1953ರ ಪುಸ್ತಕದಲ್ಲಿ ಹೇಳಿದ ನಿಯಮಗಳೆಲ್ಲ ಇದ್ವು, ಟೀಕೆ ಬೇಡ, ಎಷ್ಟು ಜಾಸ್ತಿ ಐಡಿಯಾ ಬಂದ್ರೆ ಅಷ್ಟು ಒಳ್ಳೇದು, ಇನ್ನೊಬ್ಬರ ಐಡಿಯಾ ಮೇಲೆ ಕಟ್ಟಿ. ಆದ್ರೂ ಸೀನಿಯರ್ ಸರ್ "ಮೊಬೈಲಿಗೆ ಮೆಸೇಜ್ ಕಳ್ಸೋಣ" ಅಂದಿದ್ದೇ ತಡ ಎಲ್ಲರೂ ಅದರ ಸುತ್ತಾನೇ ಸುತ್ತೋಕೆ ಶುರು. ಟೀಕೆ ಯಾರೂ ಮಾಡ್ಲಿಲ್ಲ, ಆದ್ರೆ ಒಬ್ಬರು ಮಾತಾಡೋವಾಗ ಉಳಿದ ಐದು ಜನ ಬಾಯಿ ಮುಚ್ಕೊಂಡು ಕಾಯ್ಬೇಕಲ್ಲ, ಅಷ್ಟರಲ್ಲಿ ತಲೇಲಿದ್ದದ್ದು ಹಾರೋಗಿರತ್ತೆ. ಡೀಲ್ ಮತ್ತು ಸ್ಟ್ರೋಬ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲಿ ತೋರಿಸಿದ್ದೂ ಇದನ್ನೇ, ಗುಂಪಲ್ಲಿ ಐಡಿಯಾ ಕಮ್ಮಿ ಆಗೋಕೆ ದೊಡ್ಡ ಕಾರಣ ಮಾತಿನ ಸರದಿಗೆ ಕಾಯೋದು ಅಂತ.

ಆಮೇಲೆ ಕಾಗದಕ್ಕೆ ಇಳಿದ್ವಿ. ಬೆರ್ನ್ಡ್ ರೋರ್‌ಬಾಖ್ ಅನ್ನೋರು 1968ರಲ್ಲಿ ಕೊಟ್ಟ 6-3-5 ಪದ್ಧತಿ: ಆರು ಜನ, ಐದು ನಿಮಿಷದಲ್ಲಿ ತಲಾ ಮೂರು ಐಡಿಯಾ ಬರೆಯೋದು, ಹಾಳೆ ಪಕ್ಕದೋರಿಗೆ ದಾಟ್ಸೋದು, ಅವರು ಅದನ್ನ ಓದಿ ಕೆಳಗೆ ಇನ್ನು ಮೂರು. ಆರು ಸುತ್ತಿಗೆ, ಅಂದ್ರೆ ಅರ್ಧ ಗಂಟೇಲಿ, 108 ಐಡಿಯಾ. ನಮ್ಮದ್ರಲ್ಲಿ ಸುಮಾರು ಖಾನೆ ಖಾಲಿ, ಸುಮಾರು ಒಂದೇ ಥರದ್ದು, ಎಲ್ಲ ಸೇರ್ಸಿದ್ಮೇಲೆ ನಲವತ್ತು ಚಿಲ್ಲರೆ ಉಳೀತು, ಒಂದೊಂದನ್ನೂ ಒಂದೊಂದು ಚೀಟೀಲಿ ಬರ್ದು ಗೋಡೆಗೆ ಅಂಟಿಸಿದ್ವಿ. ಆದ್ರೆ ಒಂದು ಹಾಳೆ ಮಾತ್ರ ನಾನು ಮರೆಯಲ್ಲ. ಮೇಲೆ ಯಾರೋ "ದೊಡ್ಡ ಸ್ಕ್ರೀನಲ್ಲಿ ನಂಬರ್" ಅಂತ ಬರ್ದಿದ್ರು. ಬೆಳಗ್ಗೆಯಿಂದ ಒಂದು ಮಾತೂ ಆಡದಿದ್ದ ಹುಡುಗಿ ಅದರ ಕೆಳಗೆ "ಓದೋಕೆ ಬರದೋರಿಗೆ?" ಅಂತ ಬರೆದ್ಳು, ಅದನ್ನ ನೋಡಿದ ಮುಂದಿನೋರು "ಡಾಕ್ಟರ್ ರೂಮಿಂದ ಒಬ್ಬರು ಹೊರಗೆ ಬಂದಾಗೆಲ್ಲ ಗೋಡೆ ಮೇಲೆ ತಂತೀಲಿರೋ ದೊಡ್ಡ ಮಣಿ ಒಂದೊಂದೇ ಸರಿಸೋದು" ಅಂತ ಸೇರಿಸಿದ್ರು. ದೂರದಿಂದ ಎಲ್ಲರಿಗೂ ಕಾಣತ್ತೆ, ಎಷ್ಟು ಬೇಗ ಸರೀತಿದೆ ಅನ್ನೋದೂ ಗೊತ್ತಾಗತ್ತೆ! ಬಾಯಲ್ಲೇ ಹೇಳ್ತಾ ಹೋಗಿದ್ರೆ ಇದು ಹುಟ್ತಾನೇ ಇರ್ಲಿಲ್ಲ.

ನಿಜವಾದ ಕಷ್ಟ ಮಧ್ಯಾಹ್ನ, ಆರಿಸೋವಾಗ. ಇಷ್ಟ ಆದ ಚೀಟಿ ಮೇಲೆ ವೋಟಿನ ಥರ ಅಂಟ್ಸೋಕೆ ತಲಾ ಮೂರು ಚುಕ್ಕಿ ಸ್ಟಿಕ್ಕರ್ ಕೊಟ್ವಿ. ಮೊದಲ ಇಬ್ಬರು ಮೆಸೇಜ್ ಚೀಟಿ ಮೇಲೆ ಅಂಟಿಸಿದ್ರು, ಹಿಂದೆ ಬಂದೋರೂ ಅಲ್ಲೇ ಅಂಟಿಸಿದ್ರು, ಮಣಿಗೆ ಬಿದ್ದಿದ್ದು ಒಂದೇ ಚುಕ್ಕಿ. ನಂಗೆ ತುಂಬ ಬೇಜಾರಾಯ್ತು. ರೀಟ್ಸೆಲ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಗಾರರ 2006ರ ಅಧ್ಯಯನ ನೆನಪಾಯ್ತು, ಒಬ್ಬೊಬ್ರೇ ಕೂತು ಯೋಚಿಸಿದೋರ ಹತ್ರ ಐಡಿಯಾ ಜಾಸ್ತಿ ಇದ್ವು, ಆದ್ರೆ ಕೊನೆಗೆ ಆರಿಸ್ಕೊಂಡಿದ್ದು ಗುಂಪಿನೋರು ಆರಿಸಿದ್ದಕ್ಕಿಂತ ಮೇಲೇನೂ ಇರ್ಲಿಲ್ಲ. ರಾಶಿ ಹಾಕಿದ್ರೆ ಸಾಲದು, ಆರಿಸೋದಕ್ಕೂ ಅಷ್ಟೇ ಶ್ರದ್ಧೆ ಬೇಕು. ಎಲ್ಲ ಸ್ಟಿಕ್ಕರ್ ಕಿತ್ತು ಮತ್ತೆ ಮಾಡೋಣ ಅಂದೆ, ಯಾರೂ ಬೇಡ ಅನ್ನಲಿಲ್ಲ. ಈ ಸಲ ಪ್ರತಿ ಚೀಟಿನೂ ಜೋರಾಗಿ ಓದಿದ್ವಿ, ಅವರವರ ಆಯ್ಕೆ ಮೊದಲು ತಮ್ಮ ಪುಸ್ತಕದಲ್ಲಿ ಗುಟ್ಟಾಗಿ ಬರ್ಕೊಳ್ಳೋದು, ಆಮೇಲೆ ಒಟ್ಟಿಗೆ ಎದ್ದು ಅಂಟ್ಸೋದು, ಸರ್ ಕೊನೇಲಿ. ಇನ್ನೊಂದು ಷರತ್ತು, ಮೂರರಲ್ಲಿ ಒಂದು ಚುಕ್ಕಿ "ಆಗತ್ತೋ ಇಲ್ವೋ ಗೊತ್ತಿಲ್ಲ, ಆದ್ರೆ ಆಗಿಬಿಟ್ರೆ ಚೆನ್ನಾಗಿರತ್ತೆ" ಅನ್ನೋದಕ್ಕೆ ಮಾತ್ರ. ಮಣಿಗೆ ನಾಲ್ಕು ಬಿತ್ತು, ಅದರಲ್ಲಿ ಒಂದು ಸರ್‌ದು.

ಮೆಸೇಜ್ ಐಡಿಯಾನ ಬಿಟ್ಟಿಲ್ಲ, ಎರಡೂ ಮಾಡಿ ನೋಡ್ತೀವಿ. ನಾಳೆ ರಟ್ಟು, ತಂತಿ, ಮರದ ಮಣಿ ತಗೊಂಡು ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೋಗ್ಬೇಕು, ಮೊದಲ ಮಣಿ ಆ ಹುಡುಗಿನೇ ಸರಿಸ್ತಾಳಂತೆ.