ರೊಮೇನಿಯನ್: ತವರಿನಿಂದ ದೂರ ಉಳಿದ ಮಗಳು

2022ರ ಫೆಬ್ರುವರಿ ಕೊನೆಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ನನ್ನ ಅಕ್ಕನ ಮಗ ಅಲ್ಲಿನ ಚೆರ್ನಿವ್ಟ್ಸಿ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ. ಆ ಊರು ರೊಮೇನಿಯಾದ ಗಡಿಗೆ ಹತ್ತಿರವಿರುವುದರಿಂದ ಅವನು ಸಹಪಾಠಿಗಳೊಡನೆ ಸ್ವಲ್ಪ ದೂರ ಬಸ್ಸಿನಲ್ಲಿ, ಉಳಿದ ದೂರ ನಡೆದು, ಸಿರೆತ್ ಎಂಬಲ್ಲಿ ಗಡಿ ದಾಟಿ, ರಾಜಧಾನಿ ಬುಕಾರೆಸ್ಟಿನಿಂದ, ಭಾರತ ಸರ್ಕಾರ ತನ್ನವರನ್ನು ಕರೆತರಲು ನಡೆಸಿದ ಆಪರೇಷನ್ ಗಂಗಾ ವಿಮಾನದಲ್ಲಿ ಊರಿಗೆ ಮರಳಿದ. ದಾವಣಗೆರೆಯ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತು ಅವನು ಹೇಳಿದ ಸಂಗತಿಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಗಡಿ ದಾಟಿದ ರಾತ್ರಿ ಹಿಮದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಅವನ ಕೈಗೆ ಬಿಸಿ ಸಾರಿನ ಲೋಟ ಕೊಟ್ಟು, "ಮನಿಂಕ, ಮಾಮ, ಮನಿಂಕ" ಎಂದರಂತೆ. "ಮಾವ, ಮನಿಂಕ ಅಂದರೆ ತಿನ್ನು, ಮಾಮ ಅಂದರೆ ಅಮ್ಮ. ಆ ಅಜ್ಜಿ ನನ್ನನ್ನು ಅಮ್ಮ ಅಂತ ಯಾಕೆ ಕರೆದರು?" ಎಂದು ಅವನು ಕೇಳಿದ.

ಅದೇ ಹೊತ್ತಿಗೆ ನನ್ನ ತಾಯಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ "ತಿನ್ನಪ್ಪ" ಎನ್ನುತ್ತಿದ್ದರು. ಮಗುವನ್ನು ಅಪ್ಪ, ಅಮ್ಮ ಎಂದು ಕರೆಯುವುದು ನಮಗೆ ಎಷ್ಟು ಸಹಜವೋ ರೊಮೇನಿಯನ್ನರಿಗೂ ಅಷ್ಟೇ ಸಹಜ. ಆದರೆ ಅಲ್ಲಿ ಹಿರಿಯರು ತಮ್ಮ ಸ್ಥಾನದ ಹೆಸರನ್ನೇ ಮಗುವಿಗೆ ಕೊಡುತ್ತಾರೆ. ತಾಯಿ ತನ್ನ ಮಗನನ್ನು ಮಾಮ ಎನ್ನುತ್ತಾಳೆ, ತಂದೆ ತನ್ನ ಮಗಳನ್ನು ತಾತ ಎನ್ನುತ್ತಾನೆ. ತಾತ ಎಂದರೆ ಅಲ್ಲಿ ತಂದೆ. ಸಂಸ್ಕೃತದಲ್ಲಿಯೂ ಆ ಪದಕ್ಕೆ ಅದೇ ಅರ್ಥವಿದ್ದು, ನಮ್ಮಲ್ಲಿ ಮಾತ್ರ ಅದು ಒಂದು ತಲೆಮಾರು ಮೇಲಕ್ಕೆ ಹೋಗಿದೆ.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು ಅಂದಿನಿಂದ ರೊಮೇನಿಯನ್ ಕಲಿಯತೊಡಗಿದೆ. ಬೆಳಿಗ್ಗೆ 5ರಿಂದ 6ರವರೆಗಿನ ಒಂದು ಗಂಟೆಯನ್ನು ಅದಕ್ಕೆಂದೇ ಮೀಸಲಿಟ್ಟೆ. ಎಡಗಡೆ ಪ್ರಾಚೀನ ರೋಮಿನ ಭಾಷೆಯಾದ ಲ್ಯಾಟಿನ್, ಬಲಗಡೆ ಅದರ ಮಕ್ಕಳಾದ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ರೊಮೇನಿಯನ್ ಪದಗಳು ಬರುವಂತೆ ಇನ್ನೂರು ಪುಟದ ನೋಟುಪುಸ್ತಕದಲ್ಲಿ ಗೆರೆ ಎಳೆದುಕೊಂಡೆ. ಈ ನೋಟುಪುಸ್ತಕವೇ ನನ್ನ ನಿಜವಾದ ಗುರು.

ಅದರ ಮೊದಲ ಪುಟದಲ್ಲಿರುವುದು ಹಾಲು, ರಾತ್ರಿ, ಎಂಟು. ಲ್ಯಾಟಿನ್ನಿನ ಲಾಕ್ತೆ, ನೊಕ್ತೆ, ಒಕ್ತೊ ಎಂಬ ರೂಪಗಳು ಇಟಾಲಿಯನ್ನಿನಲ್ಲಿ ಲಾತ್ತೆ, ನೊತ್ತೆ, ಒತ್ತೊ ಎಂದೂ ಸ್ಪ್ಯಾನಿಷಿನಲ್ಲಿ ಲೆಚೆ, ನೊಚೆ, ಒಚೊ ಎಂದೂ ಆದವು. ರೊಮೇನಿಯನ್ ಒಂದೇ ಇಲ್ಲಿ ಕಕಾರವನ್ನು ಪಕಾರ ಮಾಡಿಕೊಂಡು ಲಾಪ್ತೆ, ನ್ವಾಪ್ತೆ, ಒಪ್ತ್ ಎಂದಿತು. ನೀರಿಗೆ ಲ್ಯಾಟಿನ್ನಿನ ಆಕ್ವ ಅಲ್ಲಿ ಆಪ. ನಾಲ್ಕಕ್ಕೆ ಕ್ವಾತ್ತುವೊರ್ ಅಲ್ಲಿ ಪಾತ್ರು. ಮೇಲ್ನೋಟಕ್ಕೆ ಅಕ್ಕತಂಗಿಯರ ಹೋಲಿಕೆಯೇ ಅಳಿಸಿಹೋದಂತೆ ಕಾಣುತ್ತದೆ. ಆದರೆ ಅಳಿಸುವಿಕೆಗೂ ಒಂದು ಕಟ್ಟಳೆ ಇರುವುದರಿಂದಲೇ ಸಂಬಂಧ ಗಟ್ಟಿಯಾಗುತ್ತದೆ. ಇದನ್ನು ತರಗತಿಯಲ್ಲಿ ನಾನು ಹೇಳುವುದು ಹೀಗೆ: ಹಳಗನ್ನಡದ ಪಾಲ್, ಪುಲಿ, ಪೂ ಎಂಬ ಪದಗಳು ನಮ್ಮ ಬಾಯಲ್ಲಿ ಹಾಲು, ಹುಲಿ, ಹೂ ಆದವು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ತೆಲುಗರ ಮನೆಗಳಲ್ಲಿ ಹಾಲು ಇಂದಿಗೂ ಪಾಲು. ಒಂದೇ ಒಂದು ಪದ ಹೀಗೆ ಬದಲಾಗಿದ್ದರೆ ಅದು ಆಕಸ್ಮಿಕವಾಗುತ್ತಿತ್ತು, ಸಾಲುಸಾಲಾಗಿ ಬದಲಾದುದರಿಂದ ಅದು ವಂಶದ ಗುರುತು.

ಎರಡನೆಯ ಪುಟ ಇನ್ನೂ ಸ್ವಾರಸ್ಯದ್ದು. ಮೇಜಿಗೆ ಲ್ಯಾಟಿನ್ನಿನಲ್ಲಿ ಮೆನ್ಸ ಎನ್ನುತ್ತಿದ್ದರು. ಅದು ಐಬೀರಿಯಾದ ಸ್ಪ್ಯಾನಿಷ್, ಪೋರ್ಚುಗೀಸುಗಳಲ್ಲಿ ಮೆಸಾ ಆಗಿಯೂ ಮತ್ತೊಂದು ಅಂಚಿನ ರೊಮೇನಿಯನ್ನಿನಲ್ಲಿ ಮಾಸ ಆಗಿಯೂ ಉಳಿದಿದೆ. ನಡುವಿನ ಇಟಲಿ, ಫ್ರಾನ್ಸುಗಳು ಅದನ್ನು ಕೈಬಿಟ್ಟು ತಾವೊಲ, ತಾಬ್ಲ್ ಎಂಬ ಹೊಸ ಪದಕ್ಕೆ ಒಗ್ಗಿಕೊಂಡಿವೆ. ಸುಂದರ ಎಂಬುದಕ್ಕೆ ಸ್ಪ್ಯಾನಿಷಿನ ಎರ್ಮೊಸೊ, ರೊಮೇನಿಯನ್ನಿನ ಫ್ರುಮೋಸ್ ಎರಡೂ ಫೊರ್ಮೋಸುಸ್ ಎಂಬ ಒಂದೇ ಪದದ ಮಕ್ಕಳು. ನಡುವಿನವರು ಬೆಲ್ಲೊ, ಬೊ ಎನ್ನುತ್ತಾರೆ. ಹೊಸ ಮಾತು ನಡುನಾಡಿನಲ್ಲಿ ಹುಟ್ಟಿ ಅಂಚುಗಳನ್ನು ಮುಟ್ಟದೇ ಹೋದಾಗ ಅಂಚುಗಳಲ್ಲಿ ಹಳತು ಉಳಿಯುತ್ತದೆ ಎಂಬುದನ್ನು ಇಟಲಿಯ ಭಾಷಾವಿಜ್ಞಾನಿ ಮತ್ತೇಯೊ ಬಾರ್ತೊಲಿ ಒಂದು ಸೂತ್ರವನ್ನಾಗಿಯೇ ಮಾಡಿಟ್ಟರು. ದಾಲ್ಮೇಷಿಯನ್ ಎಂಬ ಇನ್ನೊಂದು ಲ್ಯಾಟಿನ್ ಮೂಲದ ಭಾಷೆಯನ್ನು ಬಲ್ಲ ಕೊನೆಯ ವ್ಯಕ್ತಿ, ಏಡ್ರಿಯಾಟಿಕ್ ಸಮುದ್ರದ ಕ್ರ್ಕ್ ದ್ವೀಪದ ತುವೋನೆ ಉದಾಯ್ನ ಎಂಬ ಮುದುಕ, 1898ರಲ್ಲಿ ಸಾಯುವ ಮೊದಲು ಆತನ ಮಾತನ್ನು ಬರೆದುಕೊಂಡವರೂ ಇದೇ ಬಾರ್ತೊಲಿ. ಇಟಲಿಗೂ ರೊಮೇನಿಯಾಕ್ಕೂ ನಡುವೆ ಸೇತುವೆಯಂತಿದ್ದ ಭಾಷೆ ಅದು. ಅದು ಹೋದ ಮೇಲೆ ರೊಮೇನಿಯನ್ ಇನ್ನಷ್ಟು ಒಂಟಿಯಾಗಿ ಕಾಣುತ್ತದೆ.

ವ್ಯಾಕರಣದಲ್ಲಿ ಕನ್ನಡಿಗನಿಗೆ ಒಂದು ನೆಮ್ಮದಿ ಕಾದಿದೆ. ಗೊತ್ತಿರುವ ವಸ್ತುವನ್ನು ಸೂಚಿಸುವ ಉಪಪದವನ್ನು ಇಟಾಲಿಯನ್, ಫ್ರೆಂಚುಗಳು ಪದದ ಮುಂದೆ ಇಡುತ್ತವೆ. ರೊಮೇನಿಯನ್ ಅದನ್ನು ನಮ್ಮ ಪ್ರತ್ಯಯದ ಹಾಗೆ ಪದದ ಕೊನೆಗೆ ಅಂಟಿಸುತ್ತದೆ. ಲುಪ್ ಎಂದರೆ ತೋಳ, ಲುಪುಲ್ ಎಂದರೆ ಆ ತೋಳ. ಇದು ಆ ಭಾಷೆಗೆ ನೆರೆಯ ಬಲ್ಗೇರಿಯನ್, ಅಲ್ಬೇನಿಯನ್‌ಗಳೊಡನೆ ಇರುವ ಸಮಾನ ಗುಣ. ಷಷ್ಠಿ ವಿಭಕ್ತಿಯೂ ಹಾಗೆಯೇ ಕೊನೆಯಲ್ಲಿ ಬರುತ್ತದೆ: ಫ್ರಾತೆ ಎಂದರೆ ಸಹೋದರ, ಕಾಸಾ ಫ್ರಾತೆಲುಯ್ ಎಂದರೆ ಸಹೋದರನ ಮನೆ. ಲ್ಯಾಟಿನ್ನಿನ ನಾಮಪದ ವಿಭಕ್ತಿಗಳನ್ನು ಉಳಿದ ಅಕ್ಕತಂಗಿಯರು ಕಳೆದುಕೊಂಡರೂ ಈಕೆ ಅಷ್ಟಿಷ್ಟು ಉಳಿಸಿಕೊಂಡಿದ್ದಾಳೆ. ನಪುಂಸಕಲಿಂಗ ಮಾತ್ರ ನನ್ನನ್ನು ಇನ್ನೂ ಕಾಡುತ್ತಿದೆ, ಏಕೆಂದರೆ ಅಲ್ಲಿ ಕುರ್ಚಿ ಒಂದಿದ್ದಾಗ ಗಂಡು, ಎರಡಾದಾಗ ಹೆಣ್ಣು.

ಇಷ್ಟು ದೂರ ಲ್ಯಾಟಿನ್ ಹೋದದ್ದು ಹೇಗೆ ಎಂಬ ಪ್ರಶ್ನೆ ನನಗೆ ಬ್ರಹ್ಮಗಿರಿಯಲ್ಲಿ ಎದುರಾಯಿತು. ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಯ ಮೇಲೆ ಅಶೋಕನ ಶಾಸನವಿದೆ; ಭಾಷೆ ಪ್ರಾಕೃತ. ಅರಸನ ಭಾಷೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ನಮ್ಮ ಚಿತ್ರದುರ್ಗದ ಕಲ್ಲಿನ ಮೇಲೆ ಬಂದು ಕುಳಿತರೂ ಜನರ ಬಾಯಿಗೆ ಬರಲಿಲ್ಲ, ಕೆಲವು ಪದಗಳನ್ನಷ್ಟೇ ಕೊಟ್ಟುಹೋಯಿತು. ರೋಮ್ ಚಕ್ರವರ್ತಿ ಟ್ರಾಜನ್ ಇಂದಿನ ರೊಮೇನಿಯಾದಲ್ಲಿದ್ದ ಡೇಸಿಯಾ ಎಂಬ ನಾಡನ್ನು ಗೆದ್ದದ್ದು ಕ್ರಿ.ಶ. 106ರಲ್ಲಿ, 270ರ ದಶಕದಲ್ಲಿಯೇ ಚಕ್ರವರ್ತಿ ಆರೇಲಿಯನ್ ಅಲ್ಲಿಂದ ಸೈನ್ಯ, ಆಡಳಿತಗಳನ್ನು ಹಿಂತೆಗೆದ. ನೂರ ಎಪ್ಪತ್ತು ವರ್ಷವೂ ತುಂಬದ ಆ ಆಳ್ವಿಕೆ ಬಿಟ್ಟುಹೋದ ಭಾಷೆಯನ್ನು ಇಂದು ಎರಡು ಕೋಟಿಗೂ ಹೆಚ್ಚು ಜನ ಮಾತನಾಡುತ್ತಾರೆ. ಹೊಲಗಳಲ್ಲಿಯೂ ಪಟ್ಟಣಗಳಲ್ಲಿಯೂ ನೆಲೆಸಲು ಟ್ರಾಜನ್ ಸಾಮ್ರಾಜ್ಯದ ಎಲ್ಲೆಡೆಯಿಂದ ಅಪಾರ ಜನರನ್ನು ಅಲ್ಲಿಗೆ ಸಾಗಿಸಿದನೆಂದು ನಾಲ್ಕನೆಯ ಶತಮಾನದ ಯೂಟ್ರೋಪಿಯಸ್ ಬರೆದಿದ್ದಾನೆ. ಬೇರೆಬೇರೆ ಮೂಲದ ಜನ ಒಟ್ಟಿಗೆ ಬಾಳಬೇಕಾದಾಗ ಸಂತೆಗೂ ಮದುವೆಗೂ ಒಂದು ಮಾತು ಬೇಕಾಗುತ್ತದೆ. ಬ್ರಹ್ಮಗಿರಿಗೆ ಪ್ರಾಕೃತ ಬಂದದ್ದು ಆಜ್ಞೆಯಾಗಿ, ಡೇಸಿಯಾಕ್ಕೆ ಲ್ಯಾಟಿನ್ ಹೋದದ್ದು ಸಂಸಾರ ಕಟ್ಟಿಕೊಂಡು ಎಂದು ನಾನು ತಿಳಿಯುತ್ತೇನೆ. ಆ ಜನ ಡ್ಯಾನ್ಯೂಬ್ ನದಿಯ ಉತ್ತರದಲ್ಲಿಯೇ ಉಳಿದರೋ ಅಥವಾ ದಕ್ಷಿಣದಲ್ಲಿ ಬೆಳೆದ ಭಾಷೆ ಮುಂದೆ ಉತ್ತರಕ್ಕೆ ಬಂದಿತೋ ಎಂಬುದರ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ.

ಇದಕ್ಕೆ ಸರಿಯಾದ ಹೋಲಿಕೆ ನನ್ನ ತರಗತಿಯಲ್ಲಿಯೇ ಇತ್ತು. ನಮ್ಮ ಜಿಲ್ಲೆಯ ತಾಂಡಾಗಳಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಸುತ್ತಲೂ ಕನ್ನಡ, ತೆಲುಗು. ಆ ಭಾಷೆಯ ಒಡಹುಟ್ಟುಗಳು ಇರುವುದು ದೂರದ ರಾಜಸ್ಥಾನದಲ್ಲಿ. ಸೇವಾಲಾಲರು ಹುಟ್ಟಿದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಜಾತ್ರೆಗೆ ಹೋದರೆ ಹಲವು ರಾಜ್ಯಗಳಿಂದ ಬಂದವರು ಆ ಮಾತಿನಲ್ಲಿಯೇ ಬೆರೆಯುವುದನ್ನು ಕೇಳಬಹುದು. ರೊಮೇನಿಯನ್ನಿನಲ್ಲಿ ನೀರಿಗೆ ಏನೆನ್ನುತ್ತಾರೆಂದು ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ನಾವು ಪಾಣಿ ಅಂತೀವಿ, ಹಿಂದಿಯಲ್ಲೂ ಪಾನಿ ಅಲ್ವಾ?" ಎಂದಳು. ಕನ್ನಡದ ನಡುವೆ ಎಷ್ಟೋ ತಲೆಮಾರು ಬಾಳಿದರೂ ಆ ಮನೆಯ ನೀರು ಇನ್ನೂ ಪಾಣಿಯಾಗಿಯೇ ಉಳಿದಿದೆ. ರೊಮೇನಿಯನ್ನಿನ ಸ್ಥಿತಿಯನ್ನು ನಾನು ಅಂದಿನವರೆಗೆ ಇಷ್ಟು ಸ್ಪಷ್ಟವಾಗಿ ಯಾರ ಬಾಯಲ್ಲಿಯೂ ಕೇಳಿರಲಿಲ್ಲ.

ನೆರೆಯವರಿಂದ ರೊಮೇನಿಯನ್ ತೆಗೆದುಕೊಂಡದ್ದೂ ಕಡಿಮೆಯಲ್ಲ. ಹನ್ನೊಂದಕ್ಕೆ ಅದು ಬಲ್ಗೇರಿಯನ್, ರಷ್ಯನ್ ಮೊದಲಾದ ಸ್ಲಾವಿಕ್ ಭಾಷೆಗಳ ರೀತಿಯಲ್ಲಿ ಹತ್ತರ ಮೇಲೆ ಒಂದು ಎಂಬರ್ಥದ ಉನ್‌ಸ್ಪ್ರೆಝೆಚೆ ಎಂಬ ಪದವನ್ನು ಕಟ್ಟಿಕೊಂಡಿದೆ. ಹೌದು ಎಂಬುದು ದಾ. ನೂರಕ್ಕೆ ಲ್ಯಾಟಿನ್ನಿನ ಕೆಂಟುಮ್ ಬಿಟ್ಟು ಸ್ಲಾವಿಕ್ಕಿನ ಸೂತ ಬಂದಿದೆ, ಇದು ನಮಗೆ ಗೊತ್ತಿರುವ ಶತ ಎಂಬ ಪದದ ದೂರದ ನೆಂಟ. ಗೆಳೆಯನಿಗಿರುವ ಪ್ರಿಯೆತೆನ್ ಎಂಬ ಪದ ಪ್ರಿಯ ಎಂಬುದರ ನೆಂಟ. ತುರ್ಕಿ ಭಾಷೆಯ ಮೂಲಕ ಅಲ್ಲಿಗೆ ಹೋದ ಪೆರ್ದ್ಯಾ, ಮುಸಾಫಿರ್, ದುಷ್ಮಾನ್ ಎಂಬವು ಪಾರಸಿ, ಅರಬ್ಬಿ ಪದಗಳು. ಅವು ಉರ್ದುವಿನ ಜೊತೆ ನಮ್ಮಲ್ಲಿಗೂ ಬಂದಿವೆ, ಪೆರ್ದ್ಯಾ ನಮ್ಮ ಕಿಟಕಿಯ ಪರದೆಯೇ. ಅಲ್ಲಿನ ಮುಸಾಫಿರ್ ಮಾತ್ರ ಪ್ರಯಾಣಿಕನಲ್ಲ, ಮನೆಗೆ ಬಂದ ಅತಿಥಿ. ನನಗೆ ಎಲ್ಲಕ್ಕಿಂತ ಪ್ರಿಯವಾದ ಪದ ಚಾವಿ. ಲ್ಯಾಟಿನ್ನಿನ ಕ್ಲಾವಿಸ್ ಪೋರ್ಚುಗೀಸರಲ್ಲಿ ಶಾವೆ ಆಗಿ, ಅವರ ಹಡಗು ಹತ್ತಿ ಬಂದು ನಮ್ಮ ಮನೆಯ ಚಾವಿಯಾಯಿತು. ಅದೇ ಪದ ರೊಮೇನಿಯಾದಲ್ಲಿ ಕೆಯೆ ಆಗಿದೆ.

ಬರವಣಿಗೆಯ ಕಥೆ ಬೇರೆಯೇ. ಈಗ ದೊರೆತಿರುವ ಅತ್ಯಂತ ಹಳೆಯ ರೊಮೇನಿಯನ್ ಬರಹ 1521ರದು. ಕಿಂಪುಲುಂಗ್ ಊರಿನ ನೆಯಾಕ್ಷು ಎಂಬವನು ತುರ್ಕರ ಸೇನೆಯ ಚಲನೆಯ ಬಗ್ಗೆ ಬ್ರಶೋವ್ ನಗರದ ಮುಖ್ಯಸ್ಥನನ್ನು ಎಚ್ಚರಿಸಿ ಬರೆದ ಪತ್ರ ಅದು, ಲಿಪಿ ಇಂದು ರಷ್ಯನ್ ಬರೆಯುವ ಸಿರಿಲಿಕ್. ಹಲ್ಮಿಡಿಯ ಕಾಲದಿಂದ ಬರಹ ಕಂಡ ನಮಗೆ ಇದು ತೀರ ಈಚಿನದೆನಿಸುತ್ತದೆ. 1860ರ ದಶಕದಲ್ಲಿ ಲ್ಯಾಟಿನ್ ಲಿಪಿ ಅಧಿಕೃತವಾಯಿತು. ಸೋವಿಯತ್ ಆಳ್ವಿಕೆಗೆ ಸಿಕ್ಕಿದ್ದ ನೆರೆಯ ಮೊಲ್ಡೋವಾದಲ್ಲಿ 1989ರವರೆಗೆ ಅದೇ ಭಾಷೆಗೆ ಸಿರಿಲಿಕ್ ಲಿಪಿಯಿತ್ತು, ಮೊಲ್ಡೋವನ್ ಎಂಬ ಬೇರೆ ಹೆಸರು ಆಮೇಲೂ ಉಳಿಯಿತು. ಕಾನೂನುಗಳಲ್ಲೆಲ್ಲ ಆ ಹೆಸರನ್ನು ರೊಮೇನಿಯನ್ ಎಂದು ತಿದ್ದಲು ಅಲ್ಲಿನ ಸಂಸತ್ತು ಒಪ್ಪಿದ್ದು 2023ರಲ್ಲಿ. ತನ್ನ ಭಾಷೆಗೆ ತನ್ನ ಹೆಸರನ್ನೇ ಮರಳಿ ಪಡೆಯಲು ಒಂದು ಜನತೆ ಅಷ್ಟು ಕಾಲ ಕಾಯಬೇಕಾಯಿತೆಂಬುದು ನನಗೆ ನೋವಿನ ಸಂಗತಿ.

ಸಿರೆತ್ತಿನ ಆ ಅಜ್ಜಿಯ ಮೊಮ್ಮಗಳ ಫೋನ್ ನಂಬರು ನನ್ನ ಅಳಿಯನ ಬಳಿ ಇತ್ತು. ಕಳೆದ ತಿಂಗಳು ಒಂದು ಸಂಜೆ ಅವನು ವಿಡಿಯೊ ಕರೆ ಮಾಡಿ ಫೋನನ್ನು ನನ್ನ ಕೈಗಿತ್ತ. ಹಿರಿಯ ಹೆಂಗಸರಿಗೆ ಹೇಳುವ "ಸರುತ್ ಮಿನಾ", ಅಂದರೆ ನಿಮ್ಮ ಕೈಗೆ ಮುತ್ತಿಡುತ್ತೇನೆ, ಎಂಬ ನಮಸ್ಕಾರವನ್ನು ಹೇಳಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು. ಬಹುವಚನದ ಗೌರವದಲ್ಲಿಯೇ ಅವರು ನನಗೆ ಕೇಳಿದ ಮೊದಲ ಪ್ರಶ್ನೆ, "ಅತ್ಸ್ ಮಿಂಕಾತ್?" ಊಟವಾಯಿತೇ ಎಂದು. ಅದನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. "ಆಮ್ ಮಿಂಕಾತ್" ಎಂದೆ, ಆಯಿತು ಎಂದು. ಪಕ್ಕದಲ್ಲಿ ಕುಳಿತಿದ್ದ ನನ್ನ ತಾಯಿ, "ಅವರದ್ದಾಯ್ತಾ ಕೇಳಪ್ಪ" ಎಂದರು.