‘ನೀವು ಕೊಂಕಣಿಯವರಾ, ಕನ್ನಡದವರಾ?’

ಎರಡೂ. ಉತ್ತರ ಮುಗಿಯಿತು. ಕೇಳಿದವರಿಗೆ ಮಾತ್ರ ಮುಗಿಯುವುದಿಲ್ಲ. ತಲೆ ತುಸು ಓರೆ ಮಾಡಿ, ‘ಹಾಗಲ್ಲ, ನಿಜವಾಗಿ?’ ಅನ್ನುತ್ತಾರೆ. ಈ ‘ನಿಜವಾಗಿ’ ಇದೆಯಲ್ಲ, ಮೈ ಉರಿಯುವುದೇ ಅದಕ್ಕೆ. ಮೊದಲು ಹೇಳಿದ್ದು ಸುಳ್ಳೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮಾಲೀಕರ ಜೊತೆ ಅರ್ಧ ಗಂಟೆ ಕನ್ನಡದಲ್ಲೇ ಮಾತು. ನೀರು, ಅಡ್ವಾನ್ಸು, ಮೀನು ಬೇಯಿಸಬಹುದೇ ಎಂಬ ಗಹನ ವಿಷಯ, ಎಲ್ಲ ಆಯಿತು. ಅಷ್ಟರಲ್ಲಿ ಕಾರವಾರದಿಂದ ಆಯಿಯ, ಅಂದರೆ ಅಮ್ಮನ, ಫೋನು. ಕೊಂಕಣಿಯಲ್ಲಿ ಎರಡು ಮಾತಾಡಿ ಇಟ್ಟೆ. ‘ಓ, ಗೋವಾದವರಾ? ಆದ್ರೂ ಕನ್ನಡ ಚೆನ್ನಾಗಿ ಕಲ್ತಿದ್ದೀರಿ ಸರ್!’ ಕನ್ನಡ ಶಾಲೆಯಲ್ಲಿ ಸಂಧಿ-ಸಮಾಸಕ್ಕೆ ಬೆತ್ತದ ಏಟು ತಿಂದವನಿಗೆ ಈ ಸರ್ಟಿಫಿಕೇಟು. ಗೋವಾದ ಮಡಗಾಂವಿನ ಮಾವಶಿ ಮನೆಗೆ ಹೋದರೆ ಇದರ ಉಲ್ಟಾ: ನನ್ನ ಕೊಂಕಣಿಗೆ ಕನ್ನಡದ ವಾಸನೆಯಂತೆ.

ಗೆರೆ ಎಳೆದವರು ನಮ್ಮನ್ನು ಕೇಳಿ ಎಳೆಯಲಿಲ್ಲ. 1862ರಲ್ಲಿ ಉತ್ತರ ಕೆನರಾವನ್ನು, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು, ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು, 1956ರಲ್ಲಿ ಮೈಸೂರು ರಾಜ್ಯಕ್ಕೆ. ಹಾಗಾಗಿ ನನ್ನ ಅಜ್ಜ ಓದಿದ್ದು ಮರಾಠಿ ಶಾಲೆ, ಅಪ್ಪ ಓದಿದ್ದು ಕನ್ನಡ ಶಾಲೆ. ಇಬ್ಬರೂ ಜಗಳ ಆಡಿದ್ದು ಕೊಂಕಣಿಯಲ್ಲಿ.

ಇದೇ ವಿಚಿತ್ರ ಅನ್ನಿಸಿದರೆ ಜಿಲ್ಲೆ ಸುತ್ತಿ ಬನ್ನಿ. ಭಟ್ಕಳದಲ್ಲಿ ನವಾಯತ ಮುಸ್ಲಿಮರ ಮಾತು ನವಾಯತಿ, ಶಿರಸಿಯಲ್ಲಿ ಹವ್ಯಕ ಕನ್ನಡ, ಮುಂಡಗೋಡದಲ್ಲಿ ಟಿಬೆಟನ್ನರು. ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿಗಳು. ಅವರ ಮನೆಮಾತಿನಲ್ಲೂ ಕೊಂಕಣಿ ಇದೆ. ಜನ ಅವರನ್ನು ಕೇಳುವುದು ಇನ್ನೂ ಘೋರ: ‘ಎಲ್ಲಿಂದ ಬಂದಿರಿ?’ ಯಲ್ಲಾಪುರದಿಂದ ಮಾರಾಯ್ರೆ, ಆರೂವರೆ ಬಸ್ಸಿಗೆ.

ಕೇಳಲೇಬೇಕಿದ್ದರೆ ‘ನಿಮ್ಮ ಮಗಳು ಕೊಂಕಣಿ ಆಡ್ತಾಳಾ?’ ಎಂದು ಕೇಳಿ. ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿರುವುದೇ ನನಗೂ ಅನುಕೂಲ ಅನ್ನಿ. ಮೇ ರಜೆಯಲ್ಲಿ ಊರಿಗೆ ಹೋದಾಗ ಆಯಿ ಅವಳ ತಟ್ಟೆಗೆ ಬಂಗಡೆ ಬಡಿಸಿ ಏನೋ ಕೇಳಿದಳು. ಮಗಳು ನನ್ನತ್ತ ತಿರುಗಿ, ‘ಪಪ್ಪಾ, ವಾಟ್ ಈಸ್ ಆಜಿ ಸೇಯಿಂಗ್?’ ಅಂದಳು. ಕೊಂಕಣಿ ಬಿಡಿ, ಕನ್ನಡದಲ್ಲೂ ಅಲ್ಲ.

ಮುಳ್ಳು ತೆಗೆದು ಕೊಡಲಾ ಎಂದು ಕೇಳಿದ್ದಳು ಆಯಿ. ಅದನ್ನು ನಾನು ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದೆ.